ಸುರಪುರದ ಅರಸರ ಪಕ್ಷನಿರ್ಣಯ: ೧೬೮೭, ೧೭೦೫, ೧೮೫೮

೧

ಎರಡು ಮಹಾಶಕ್ತಿಗಳು ಪರಸ್ಪರ ಹೋರಾಡುತ್ತಿರುವಾಗ ಅವುಗಳ ನಡುವೆ ಸಿಕ್ಕಿಕೊಂಡ ಸಣ್ಣ ಸಂಸ್ಥಾನವು ಯಾವ ಪಕ್ಷವನ್ನು ಹಿಡಿಯಬೇಕೆಂಬುದು ರಾಜನೀತಿಯ ಬಹು ಪ್ರಾಚೀನವಾದ ಪ್ರಶ್ನೆ. ಕೌಟಿಲ್ಯನು ತನ್ನ ಅರ್ಥಶಾಸ್ತ್ರದ ಏಳನೆಯ ಅಧಿಕರಣದಲ್ಲಿ ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವ ಎಂಬ ಆರು ಗುಣಗಳನ್ನು ವಿವರಿಸಿ, ಯಾವ ಬಲದವನು ಯಾವ ಕಾಲದಲ್ಲಿ ಯಾವುದನ್ನು ಅವಲಂಬಿಸತಕ್ಕುದೆಂಬುದನ್ನು ವಿಚಾರಿಸಿದ್ದಾನೆ. ಬಲಹೀನನಿಗೆ ಸಂಶ್ರಯವೂ, ಸಮಬಲರ ನಡುವೆ ಆಸನವೂ, ಒಬ್ಬನೊಡನೆ ಸಂಧಿಯನ್ನೂ ಮತ್ತೊಬ್ಬನೊಡನೆ ವಿಗ್ರಹವನ್ನೂ ನಡೆಯಿಸಬಲ್ಲವನಿಗೆ ದ್ವೈಧೀಭಾವವೂ ಯೋಗ್ಯವೆಂಬುದು ಅದರ ಸಾರ. ಶಾಸ್ತ್ರದಲ್ಲಿ ಈ ವಿಭಾಗವು ಸುಲಭವಾಗಿ ಕಾಣುವುದು. ಆದರೆ ಒಂದು ಸಂಸ್ಥಾನದ ನಿಜವಾದ ಚರಿತ್ರೆಯಲ್ಲಿ ಈ ಗುಣಗಳು ಹೇಗೆ ಒಂದರೊಳಗೊಂದು ಸೇರಿಕೊಳ್ಳುವುವೆಂಬುದನ್ನು ತಿಳಿಯಬೇಕಾದರೆ ಸುರಪುರದ ಬೇಡನಾಯಕರ ವೃತ್ತಾಂತಕ್ಕಿಂತ ಉತ್ತಮವಾದ ಉದಾಹರಣೆಯು ಕನ್ನಡನಾಡಿನಲ್ಲಿ ದೊರೆಯುವುದು ಕಷ್ಟ.

ಈ ಮನೆತನದ ಕೊನೆಯ ಅರಸನಾದ ರಾಜಾ ವೆಂಕಟಪ್ಪನಾಯಕನು ೧೮೫೮ನೆಯ ಇಸವಿಯ ಫೆಬ್ರುವರಿಯಲ್ಲಿ ಇಂಗ್ಲಿಷರಿಗೆ ಎದುರಾಗಿ ನಿಂತುದು ಸರ್ವವಿದಿತವಾದ ಸಂಗತಿ. ಆತನು ಹಾಗೇಕೆ ಮಾಡಿದನೆಂಬ ವಿಷಯದಲ್ಲಿ ಮಾತ್ರ ಎರಡು ಅಭಿಪ್ರಾಯಗಳು ಬಳಕೆಯಲ್ಲಿವೆ. ಮೊದಲನೆಯದು ಆತನ ಬಾಲ್ಯದಲ್ಲಿ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನದು. ತರುಣನೂ ದುರ್ಬಲಚಿತ್ತನೂ ಆದ ರಾಜನು ದುರ್ಬೋಧಕರ ಮಾತಿಗೆ ಮರುಳಾಗಿ ಕೆಟ್ಟನೆಂಬುದು ಆತನ ಮತ. ಎರಡನೆಯದು ನಾಡಿನಲ್ಲಿ ಪ್ರಚಲಿತವಾದುದು. ರಾಜನು ಮೊದಲಿನಿಂದಲೂ ದೃಢಸಂಕಲ್ಪನಾಗಿ ಸ್ವಾತಂತ್ರ್ಯಕ್ಕಾಗಿ ಖಡ್ಗವನ್ನು ಹಿರಿದನೆಂಬುದು ಇದರ ತಾತ್ಪರ್ಯ. ಒಂದರಲ್ಲಿ ಅರಸನು ಇತರರ ಕೈಗೊಂಬೆ. ಮತ್ತೊಂದರಲ್ಲಿ ಆತನು ಸಂಶಯವನ್ನೇ ಅರಿಯದ ವೀರ. ಇವೆರಡೂ ಅರಸನ ಸ್ವಭಾವವನ್ನು ಕುರಿತವೇ ಹೊರತು ಸಂಸ್ಥಾನದ ಸ್ಥಿತಿಯನ್ನು ಕುರಿತವಲ್ಲ. ಸುರಪುರದವರು ಇದಕ್ಕೆ ಹಿಂದೆ ಎರಡು ಸಲ ಇಂತಹ ನಿರ್ಣಯವನ್ನು ಮಾಡಬೇಕಾಗಿ ಬಂದಿತ್ತು. ಆ ಎರಡರ ಬೆಳಕಿನಲ್ಲಿ ಮೂರನೆಯದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

೨

ಮೊದಲು ನೆಲದ ವಿಚಾರ. ಕೃಷ್ಣೆ ಮತ್ತು ಭೀಮೆಗಳು ಕೂಡುವುದಕ್ಕೆ ಮುಂಚೆ ಅವುಗಳ ನಡುವೆ ಉಳಿಯುವ ಭೂಭಾಗವೇ ಸುರಪುರದವರ ನಾಡು. ಇದರ ಬಹುಭಾಗವು ಕರಿಯ ಎರೆಯ ಬಯಲು. ನಡುನಡುವೆ ಸುರಪುರ, ಶಹಾಪುರಗಳ ಬಳಿಯಲ್ಲಿ ಬೃಹತ್ತಾದ ಬಂಡೆಗಳ ಗುಡ್ಡಗಳು ಏಳುವುವು. ಭೀಮೆಯ ಆಚೆಗೆ ಯಾದಗಿರಿಯ ಕೋಟೆಯಿರುವುದು. ಬಯಲು ಜೋಳವನ್ನು ಕೊಟ್ಟಿತು, ಗುಡ್ಡಗಳು ಆಶ್ರಯವನ್ನು ಕೊಟ್ಟುವು. ಕುದುರೆಯ ದಂಡು ಬಯಲಿನಲ್ಲಿ ಎಷ್ಟೇ ಪ್ರಬಲವಾದರೂ ಬಂಡೆಗಳ ನಡುವೆ ಬಂದೂಕು ಹಿಡಿದು ಕುಳಿತ ಬೇಡರ ಮುಂದೆ ಅದರ ಆಟವು ನಡೆಯುತ್ತಿರಲಿಲ್ಲ. ಬೇಡರು ಗುರಿಕಾರರೆಂದು ಪ್ರಸಿದ್ಧರು. ಅರಸನಿಂದ ಭೂಮಿಯನ್ನು ಪಡೆದು, ಕರೆ ಬಂದಾಗ ಆಯುಧದೊಡನೆ ಬಂದು ನಿಲ್ಲುವುದು ಅವರ ಕಟ್ಟಳೆ. ಆದುದರಿಂದ ಇಲ್ಲಿ ಅರಸನ ಸೈನ್ಯವೆಂದರೆ ಸಂಬಳದ ದಂಡಷ್ಟೇ ಅಲ್ಲ. ಊರೂರಿನ ಕುಲದವರೇ ಅವನ ಸೈನ್ಯ. ಅವರ ಮನಸ್ಸಿಗೆ ವಿರುದ್ಧವಾಗಿ ಅರಸನು ಬಹುದೂರ ಹೋಗಲಾರನು. ಈ ಅಂಶವನ್ನು ಮುಂದೆ ನೆನಪಿಡಬೇಕು.

ಈ ಮನೆತನದವರ ನೆಲೆಯು ಎರಡು ಸಲ ಬದಲಾಯಿತು. ಮೊದಲು ಶಹಾಪುರದ ಸಮೀಪದ ಸಗರ, ಅನಂತರ ಸುರಪುರಕ್ಕೆ ಪಶ್ಚಿಮದಲ್ಲಿ ಕೆಲವೇ ಮೈಲಿಗಳ ದೂರದಲ್ಲಿರುವ ವಾಗಿನಗೇರಿ, ಕೊನೆಗೆ ಸುರಪುರ. ಈ ಬದಲಾವಣೆಗಳು ಅರಸರ ಇಚ್ಛೆಯಿಂದ ಆದುವಲ್ಲ. ಪ್ರತಿಯೊಂದರ ಹಿಂದೆಯೂ ಒಂದು ಯುದ್ಧವೂ ಒಂದು ಪಕ್ಷನಿರ್ಣಯವೂ ಇವೆ.

೩

ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಸಗರದ ನಾಯಕರು ಬಿಜಾಪುರದ ಆದಿಲಶಾಹಿ ಅರಸರಿಗೆ ಅಧೀನರಾಗಿದ್ದರು. ಔರಂಗಜೇಬನು ದಕ್ಷಿಣಕ್ಕೆ ಬಂದು ಬಿಜಾಪುರವನ್ನು ಮುತ್ತಿದಾಗ ಪಾಮನಾಯಕನು ತನ್ನ ಒಡೆಯನ ಪಕ್ಷವನ್ನೇ ಹಿಡಿದು ಬೇಡರ ಕಾಲಾಳುಗಳನ್ನು ಸಹಾಯಕ್ಕೆ ಕಳುಹಿಸಿದನು. ಆದರೆ ೧೬೮೬ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಬಿಜಾಪುರವೂ, ಮರುವರುಷ ಅದೇ ತಿಂಗಳಲ್ಲಿ ಗೋಲ್ಕೊಂಡವೂ ಮೊಗಲರ ವಶವಾದುವು. ಒಡೆಯನೇ ಇಲ್ಲವಾದ ಮೇಲೆ ಪಾಮನಾಯಕನಿಗೆ ಉಳಿದುದು ಒಂದೇ ದಾರಿ. ೧೬೮೭ರ ಅಂತ್ಯದಲ್ಲಿ ಆತನು ಸಗರವನ್ನು ಒಪ್ಪಿಸಿ ಬಾದಶಹನ ದರಬಾರಿಗೆ ಹೋದನು. ಹೋದ ಕೆಲವು ದಿನಗಳಲ್ಲಿಯೇ ಅಲ್ಲಿ ತೀರಿಕೊಂಡನು. ಮೊಗಲರು ಸಗರಕ್ಕೆ ನುಸ್ರತಾಬಾದೆಂದು ಹೊಸ ಹೆಸರಿಟ್ಟರು. ಇದು ಕೌಟಿಲ್ಯನು ಹೇಳಿದ ಸಂಶ್ರಯ. ಆದರೆ ಬೇರೆ ಆಶ್ರಯವು ಇಲ್ಲದುದರಿಂದ ಒದಗಿದ ಸಂಶ್ರಯ.

ಆತನ ಉತ್ತರಾಧಿಕಾರಿಯಾದ ಪಿಡ್ಡನಾಯಕನು ಮೊದಲು ಮೊಗಲರ ಸೇವೆಯಲ್ಲಿದ್ದು ರಾಯಚೂರಿನ ಮುತ್ತಿಗೆಯಲ್ಲಿ ಅವರೊಡನಿದ್ದನು. ಆದರೆ ಬಹುಕಾಲ ಹಾಗೆ ಉಳಿಯಲಿಲ್ಲ. ವಾಗಿನಗೇರಿಗೆ ಹಿಂದಿರುಗಿ ಕೋಟೆಯನ್ನು ಬಲಪಡಿಸಿ, ಬೇಡರನ್ನು ಕೂಡಿಸಿಕೊಂಡು, ಸುತ್ತಣ ಮೊಗಲ ಪ್ರದೇಶದಿಂದ ತನ್ನ ಪಾಲನ್ನು ತಾನೇ ವಸೂಲು ಮಾಡತೊಡಗಿದನು. ಆತನನ್ನು ಶಿಕ್ಷಿಸುವುದಕ್ಕೆ ಬಂದ ದಂಡಿಗೆ ಕೆಲವೊಮ್ಮೆ ತಪ್ಪೊಪ್ಪಿಗೆಯನ್ನೂ ಕಪ್ಪವನ್ನೂ ಕೊಟ್ಟು ಕಳುಹಿಸುವನು. ದಂಡು ಹಿಂದಿರುಗಿದೊಡನೆ ಮೊದಲಿನಂತೆಯೇ ನಡೆಯುವನು. ಇದೇ ಕಾಲದಲ್ಲಿ ಮರಾಠರೊಡನೆ ಆತನ ಮೈತ್ರಿಯು ಬೆಳೆಯಿತು. ಮರಾಠ ಸರದಾರರು ಕೆಲವರು ತಮ್ಮ ಕುಟುಂಬಗಳನ್ನು ವಾಗಿನಗೇರಿಯಲ್ಲಿ ಇರಿಸಿದ್ದರೆಂಬುದರಿಂದ ಅವರಿಗೆ ಆತನ ಮೇಲಿದ್ದ ವಿಶ್ವಾಸವನ್ನು ಊಹಿಸಬಹುದು. ದ್ವೈಧೀಭಾವಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಾಗಿಲ್ಲ.

ಕೊನೆಗೆ ಔರಂಗಜೇಬನೇ ಬಂದನು. ೧೭೦೫ನೆಯ ಇಸವಿಯ ಫೆಬ್ರುವರಿ ೮ರಂದು ಮೊದಲಾದ ವಾಗಿನಗೇರಿಯ ಮುತ್ತಿಗೆಯು ಏಪ್ರಿಲ್ ೨೭ರ ವರೆಗೆ ನಡೆಯಿತು. ಎಂಬತ್ತೇಳನ್ನು ಸಮೀಪಿಸಿದ್ದ ಬಾದಶಹನು ತಾನೇ ನಿಂತು ನಡೆಯಿಸಿದ ಮುತ್ತಿಗೆಗಳಲ್ಲಿ ಇದೇ ಕಡೆಯದು. ಧನಾಜಿ ಜಾಧವನ ನಾಯಕತ್ವದಲ್ಲಿ ಮರಾಠರು ಸಹಾಯಕ್ಕೆ ಬಂದು ಮೊಗಲರನ್ನು ಹಿಂದಿನಿಂದ ಕಾಡಿದರು. ಮತ್ತೆ ದಂಡನ್ನು ಕರೆಯಿಸಿಕೊಂಡ ಮೇಲೆ, ಜುಲ್ಫಿಕಾರಖಾನನು ಬಂದ ಬಳಿಕವೇ ಕೋಟೆಯು ಸಡಿಲವಾಯಿತು. ಆದರೆ ಮೊಗಲರ ಕೈಗೆ ದೊರೆತುದು ಬರಿಯ ಕಲ್ಲಿನ ಕೋಟೆ. ಪಿಡ್ಡನಾಯಕನು ತನ್ನವರೊಡನೆ ರಾತ್ರಿಯೇ ಹೊರಟುಹೋಗಿದ್ದನು. ಬಾದಶಹನು ಎರಡು ವರುಷಗಳೊಳಗೆ ಅಹಮದನಗರದಲ್ಲಿ ಮರಣಹೊಂದಿದನು. ನಾಯಕನ ಮನೆತನವು ಸುರಪುರದಲ್ಲಿ ನೆಲೆಸಿ ಮತ್ತೆ ಒಂದೂವರೆ ಶತಮಾನ ಆಳಿತು.

ಈ ಮುತ್ತಿಗೆಯಲ್ಲಿ ವಾಚಕರು ಗಮನಿಸಬೇಕಾದ ಮತ್ತೊಂದು ಸಂಗತಿಯಿದೆ. ಮೊಗಲರ ಪಕ್ಷದಲ್ಲಿ ಕಾದಿದ ಸರದಾರರಲ್ಲಿ ಚಿನ್ ಕಿಲಿಚ್‌ಖಾನನೂ ಒಬ್ಬನು. ಈತನೇ ಮುಂದೆ ನಿಜಾಮ್-ಉಲ್-ಮುಲ್ಕ್ ಎಂದು ಪ್ರಸಿದ್ಧನಾಗಿ ೧೭೨೪ರಲ್ಲಿ ಹೈದರಾಬಾದಿನ ಆಸಫಜಾಹಿ ವಂಶವನ್ನು ಸ್ಥಾಪಿಸಿದವನು. ಅಂದರೆ, ಸುರಪುರದವರ ಕೋಟೆಯನ್ನು ಮುತ್ತಿದವರಲ್ಲಿ ಒಬ್ಬನ ಮನೆತನಕ್ಕೇ ಸುರಪುರವು ಬಳಿಕ ಅಧೀನವಾಯಿತು.

೧೭೦೫ರ ಅನುಭವದಿಂದ ಸುರಪುರದ ಮನೆತನಕ್ಕೆ ಒಂದು ಪಾಠವು ದೊರೆತಿರಬೇಕು: ಕೋಟೆಯು ಹೋದರೆ ರಾಜ್ಯವು ಹೋಗುವುದಿಲ್ಲ, ದೊಡ್ಡ ಶಕ್ತಿಯು ಎಷ್ಟೇ ದೊಡ್ಡದಾದರೂ ಅದಕ್ಕೆ ಇದಿರಾಗಿ ಮತ್ತೊಂದು ಶಕ್ತಿಯು ಇರುವ ವರೆಗೆ ಸಣ್ಣವನು ಉಳಿಯಬಲ್ಲನು. ಪಾಠವು ಆ ಕಾಲಕ್ಕೆ ನಿಜವೇ ಆಗಿತ್ತು.

೪

ಹದಿನೆಂಟನೆಯ ಶತಮಾನದಲ್ಲಿಯೂ ಸ್ಥಿತಿಯು ಹಾಗೆಯೇ ಮುಂದುವರಿಯಿತು. ಹೆಸರಿಗೆ ನಿಜಾಮನು ಒಡೆಯ. ಪುಣೆಯ ಪೇಶವೆಯವರಿಗೂ ಕಪ್ಪವು ಸಲ್ಲುತ್ತಿತ್ತು. ಇಬ್ಬರಿಗೆ ಕೊಡುವುದು ಭಾರವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಇಬ್ಬರು ಒಡೆಯರಿರುವವನಿಗೆ ಪೂರ್ಣವಾಗಿ ಯಾರೂ ಒಡೆಯರಲ್ಲ. ೧೮೧೮ರಲ್ಲಿ ಪೇಶವಾಯಿಯು ಅಳಿದಾಗ ಈ ಸಮತೂಕವು ಮುರಿಯಿತು. ಪೇಶವೆಯ ಹಕ್ಕು ಕಂಪೆನಿ ಸರಕಾರಕ್ಕೆ ಬಂದಿತು. ಕಂಪೆನಿಯವರು ಅದನ್ನು ಕಾಲಕ್ರಮದಲ್ಲಿ ಬಿಟ್ಟುಕೊಟ್ಟರು. ಅಲ್ಲಿಗೆ ಸುರಪುರಕ್ಕೆ ನಿಜಾಮನೊಬ್ಬನೇ ಒಡೆಯನಾಗಿ ಉಳಿದನು. ಆ ಒಡೆತನದ ಭಾರವು ಎಷ್ಟಾಗಿತ್ತೆಂಬುದಕ್ಕೆ ಒಂದು ಉದಾಹರಣೆ ಸಾಕು: ಕೃಷ್ಣಪ್ಪನಾಯಕನು ಪಟ್ಟಕ್ಕೆ ಬಂದಾಗ ಹೈದರಾಬಾದಿನವರು ಬೇಡಿದ ನಜರಾಣೆಯು ೧೫ ಲಕ್ಷ ರೂಪಾಯಿ. ಈ ಹಣವನ್ನು ತೆರುವುದಕ್ಕಾಗಿ ಸಂಸ್ಥಾನವು ಸಾಲದಲ್ಲಿ ಬಿದ್ದಿತು. ಸಾಲದ ಬೆನ್ನಲ್ಲಿಯೇ ಸಂಧಾನಕಾರರಾಗಿ ಇಂಗ್ಲಿಷರು ಬಂದರು.

ಕೃಷ್ಣಪ್ಪನಾಯಕನು ತೀರಿಕೊಂಡಾಗ ಮಗ ವೆಂಕಟಪ್ಪನು ಇನ್ನೂ ಬಾಲಕ. ತಾಯಿ ರಾಣಿ ಈಶ್ವರಮ್ಮನಿಗೂ ಚಿಕ್ಕಪ್ಪನಾದ ಪಿಡ್ಡನಾಯಕನಿಗೂ ಅಧಿಕಾರದ ವಿಷಯದಲ್ಲಿ ಕಲಹವುಂಟಾಯಿತು. ಇದನ್ನು ತಿದ್ದುವುದಕ್ಕೆಂದು ಬಂದ ಕ್ಯಾಪ್ಟನ್ ಮೆಡೋಸ್ ಟೇಲರನು ೧೮೫೩ರ ವರೆಗೆ ಸುಮಾರು ಹನ್ನೊಂದು ವರುಷ ಸುರಪುರದಲ್ಲಿದ್ದನು. ಆತನು ಲೆಕ್ಕವನ್ನು ಸರಿಪಡಿಸಿದನು. ಬೋನ್ಹಾಳದ ಕೆರೆಯನ್ನು ಹಿಗ್ಗಿಸಿದನು. ಗುಡ್ಡದ ಮೇಲೆ ತನಗೊಂದು ಮನೆಯನ್ನು ಕಟ್ಟಿಸಿದನು. ಅದು ಇಂದಿಗೂ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಉಳಿದಿದೆ. ಆ ಪ್ರಾಂತದ ಶಿಲಾಸಮಾಧಿಗಳನ್ನು ಮೊದಲು ಶಾಸ್ತ್ರೀಯವಾಗಿ ವರ್ಣಿಸಿದ ಕೀರ್ತಿಯೂ ಆತನದೇ. ಬಾಲಕನಾದ ರಾಜನಿಗೆ ಆತನಲ್ಲಿ ಪ್ರೀತಿಯಿತ್ತೆಂಬುದನ್ನೂ, ತನ್ನನ್ನು ಅಪ್ಪಾ ಎಂದು ಕರೆಯುತ್ತಿದ್ದನೆಂಬುದನ್ನೂ ಟೇಲರನು ತನ್ನ ಆತ್ಮಚರಿತ್ರೆಯಲ್ಲಿ ಹೇಳಿಕೊಂಡಿದ್ದಾನೆ. ಇದನ್ನು ಅವಿಶ್ವಾಸದಿಂದ ನೋಡಲು ಕಾರಣವಿಲ್ಲ.

೧೮೫೩ನೆಯ ಇಸವಿಯು ಸುರಪುರದ ಚರಿತ್ರೆಯಲ್ಲಿ ೧೮೫೮ಕ್ಕಿಂತಲೂ ಹೆಚ್ಚು ಮಹತ್ತ್ವದ್ದೆಂದು ನಮ್ಮ ಅಭಿಪ್ರಾಯ. ಆ ವರುಷ ಎರಡು ಸಂಗತಿಗಳು ಒಟ್ಟಿಗೆ ನಡೆದುವು. ಪ್ರಾಪ್ತವಯಸ್ಕನಾದ ವೆಂಕಟಪ್ಪನಾಯಕನಿಗೆ ರಾಜ್ಯಾಧಿಕಾರವು ದೊರೆತು ಟೇಲರನು ನಳದುರ್ಗಕ್ಕೆ ಹೊರಟುಹೋದನು. ಅದೇ ವರುಷ ಮೇ ತಿಂಗಳಲ್ಲಿ ನಿಜಾಮನು ಹೈದರಾಬಾದ್ ಕಂಟಿಂಜೆಂಟ್ ಎಂಬ ದಂಡಿನ ವೆಚ್ಚದ ಬಾಕಿಗಾಗಿ ವರ್ಹಾಡ, ರಾಯಚೂರು ದೋಆಬ, ನಳದುರ್ಗ ಪ್ರಾಂತಗಳನ್ನು ಕಂಪೆನಿಯ ಕೈಗೆ ಕೊಟ್ಟ ಒಡಂಬಡಿಕೆಯಾಯಿತು. ಇದರಿಂದ ಕೃಷ್ಣೆಯ ದಕ್ಷಿಣದಂಡೆಯು ಇಂಗ್ಲಿಷರದಾಯಿತು. ಆ ದಂಡಿನ ಒಂದು ಠಾಣೆಯು ಲಿಂಗಸೂಗೂರಿನಲ್ಲಿಯೇ ಇದ್ದಿತು. ಅರಸನಿಗೆ ಸಿಂಹಾಸನವು ಸಿಕ್ಕಿತು. ಆದರೆ ಅದರ ಸುತ್ತಣ ಬಯಲು ಬೇರೆಯವರದಾಯಿತು. ಒಡೆಯನಾದ ನಿಜಾಮನೇ ಸಾಲಗಾರನಾಗಿ ಕಂಪೆನಿಯ ಅಂಕಿತದಲ್ಲಿ ನಿಂತ ಮೇಲೆ, ಒಬ್ಬನನ್ನು ಹಿಡಿದು ಮತ್ತೊಬ್ಬನನ್ನು ತಡೆಯುವ ಹಳೆಯ ಉಪಾಯಕ್ಕೆ ಎಡೆಯೇ ಉಳಿಯಲಿಲ್ಲ.

೫

ಈಗ ೧೮೫೭-೫೮ರ ಸಂಗತಿಗಳನ್ನು ದಿನಾಂಕಗಳ ಕ್ರಮದಿಂದ ನೋಡೋಣ. ಪಕ್ಷನಿರ್ಣಯದ ವಿಚಾರದಲ್ಲಿ ದಿನಾಂಕಗಳೇ ಉತ್ತಮ ಸಾಕ್ಷಿಗಳು.

೧೮೫೭ರ ಮೇ ತಿಂಗಳಲ್ಲಿ ಮೀರತ್ತಿನಲ್ಲಿ ದಂಗೆಯೆದ್ದಿತು. ಅದೇ ತಿಂಗಳು ನಿಜಾಮ ನಾಸಿರುದ್ದೌಲನು ತೀರಿಕೊಂಡು ಅಫಜಲುದ್ದೌಲನು ಪಟ್ಟಕ್ಕೆ ಬಂದನು. ದಿವಾನ ಸಾಲಾರಜಂಗನೂ ರೆಸಿಡೆಂಟ್ ಡೇವಿಡ್‌ಸನ್ನನೂ ಹೈದರಾಬಾದನ್ನು ಇಂಗ್ಲಿಷರ ಪಕ್ಷದಲ್ಲಿಯೇ ಹಿಡಿದು ನಿಲ್ಲಿಸಿದರು. ಜುಲೈ ೧೭ರಂದು ತುರ್ರೇಬಾಜಖಾನ್, ಮೌಲವಿ ಅಲಾವುದ್ದೀನ್ ಇವರ ಮುಂದಾಳುತನದಲ್ಲಿ ರೆಸಿಡೆನ್ಸಿಯ ಮೇಲೆ ನಡೆದ ದಾಳಿಯು ವಿಫಲವಾಯಿತು. ಜುಲೈ ೩೧ರಂದು ಕೊಲ್ಹಾಪುರದಲ್ಲಿ ಸಿಪಾಯಿಗಳು ಎದ್ದರು. ಸೆಪ್ಟೆಂಬರಿನಲ್ಲಿ ದಿಲ್ಲಿಯು ಮತ್ತೆ ಇಂಗ್ಲಿಷರ ವಶವಾಯಿತು. ನವೆಂಬರಿನಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಬೇಕೆಂಬ ಕಟ್ಟಳೆಯನ್ನು ಧಿಕ್ಕರಿಸಿ ಹೋರಾಡಿದರು. ಅವರ ಊರು ಸುಡಲ್ಪಟ್ಟಿತು, ಹಿಡಿಯಲ್ಪಟ್ಟವರಲ್ಲಿ ಅನೇಕರು ಗಲ್ಲಿಗೇರಿದರು.

ಈ ಏಳು ತಿಂಗಳಲ್ಲಿ ಸುರಪುರವು ಏಳಲಿಲ್ಲ. ಇದು ಬಹು ಮುಖ್ಯವಾದ ಅಂಶ. ಅರಸನು ಮೊದಲಿನಿಂದಲೂ ದೃಢಸಂಕಲ್ಪನಾಗಿದ್ದಲ್ಲಿ ಜುಲೈ ತಿಂಗಳಿಗಿಂತ ಅನುಕೂಲವಾದ ಸಮಯವು ಬೇರೆ ಇರಲಿಲ್ಲ. ಆಗ ದಿಲ್ಲಿಯು ಬಂಡಾಯಗಾರರ ಕೈಯಲ್ಲಿತ್ತು, ಹೈದರಾಬಾದು ಅಲುಗಾಡುತ್ತಿತ್ತು. ಹಾಗೆ ಆಗದಿರುವುದರಿಂದ ಆತನು ಕಾದು ನೋಡುತ್ತಿದ್ದನೆಂದೇ ಹೇಳಬೇಕು. ಇದು ಕೌಟಿಲ್ಯನ ಆಸನ. ಆದರೆ ಅದೇ ಸಮಯದಲ್ಲಿ ಸುರಪುರದಲ್ಲಿ ಅರಬರೂ ರೋಹಿಲರೂ ಸೇರತೊಡಗಿದ್ದರು, ಬೇಡರಲ್ಲಿಯೂ ಉದ್ವೇಗವಿತ್ತು. ಹಲಗಲಿಯವರು ಅವರ ಜಾತಿಯವರೇ. ಆಯುಧವನ್ನು ಒಪ್ಪಿಸುವುದೆಂದರೆ, ಆಯುಧದ ಸೇವೆಗಾಗಿ ಭೂಮಿಯನ್ನು ಉಣ್ಣುವ ಜನಕ್ಕೆ, ಭೂಮಿಯನ್ನೇ ಒಪ್ಪಿಸಿದಂತೆ. ಸುರಪುರದ ಗುಡ್ಡದ ಮೇಲಿಂದ ಹಲಗಲಿಯು ಹೇಗೆ ಕಂಡಿರಬಹುದೆಂಬುದನ್ನು ಇದರಿಂದ ಊಹಿಸಬಹುದು.

ರೆಸಿಡೆಂಟನು ಕಾಯಲು ಸಿದ್ಧನಾಗಿರಲಿಲ್ಲ. ೧೮೫೮ರ ಜನವರಿಯಲ್ಲಿ ಕ್ಯಾಪ್ಟನ್ ರೋಸ್ ಕ್ಯಾಂಬೆಲನನ್ನು ಸುರಪುರಕ್ಕೆ ಕಳುಹಿಸಿ ಅರಸನಿಗೆ ಬುದ್ಧಿ ಹೇಳಿಸಿದನು. ಜೊತೆಯಲ್ಲಿಯೇ ದಂಡುಗಳೂ ಚಲಿಸಿದುವು: ಲಿಂಗಸೂಗೂರಿನಿಂದ ಕ್ಯಾಪ್ಟನ್ ವಿಂಡಮ್ಮನು, ಮದರಾಸಿನ ಕಡೆಯಿಂದ ಕರ್ನಲ್ ಹ್ಯೂಸನು, ಮುಂಬಯಿಯ ಕಡೆಯಿಂದ ಕರ್ನಲ್ ಮಾಲ್ಕಮ್ಮನು. ಫೆಬ್ರುವರಿ ೭ರಂದು ವಿಂಡಮ್ಮನ ದಂಡು ಸುರಪುರದ ಬಳಿ ಬೀಡುಬಿಟ್ಟಿತು. ಆ ರಾತ್ರಿ ಬೇಡರೂ ಅರಬರೂ ರೋಹಿಲರೂ ಬೀಡಿನ ಮೇಲೆ ಬಿದ್ದರು. ಮರುದಿನದ ಕಾಳಗದಲ್ಲಿ ಮದರಾಸ್ ಅಶ್ವದಳದ ಕ್ಯಾಪ್ಟನ್ ನ್ಯೂಬೆರಿಯು ಸತ್ತನು. ಆತನ ಜೊತೆಗಾರನಾದ ಸ್ಟುವರ್ಟನು ಪ್ರಾಣಾಂತಿಕವಾಗಿ ಗಾಯಗೊಂಡನು. ಹ್ಯೂಸನ ದಂಡು ಹತ್ತಿರವಾಗುತ್ತಿರುವ ಸುದ್ದಿಯು ಬಂದಿತು. ೮ರ ರಾತ್ರಿ ಅರಸನು ಕೆಲವರು ಸವಾರರೊಡನೆ ಊರನ್ನು ಬಿಟ್ಟು ಹೊರಟನು. ಮರುದಿನ ಇಂಗ್ಲಿಷರು ಬಹುತೇಕ ಬರಿದಾಗಿದ್ದ ಸುರಪುರವನ್ನು ಹೊಕ್ಕರು.

ಒಂದು ನೂರ ಐವತ್ತಮೂರು ವರುಷಗಳ ಹಿಂದೆ ಪಿಡ್ಡನಾಯಕನೂ ಹೀಗೆಯೇ ರಾತ್ರಿಯಲ್ಲಿ ಹೊರಟಿದ್ದನು. ಆದರೆ ಎರಡು ಪ್ರಯಾಣಗಳಿಗೂ ಇರುವ ಭೇದವೇ ನಮ್ಮ ವಿಷಯದ ಹೃದಯ. ಪಿಡ್ಡನಾಯಕನ ಬೆನ್ನಿಗೆ ಮರಾಠರಿದ್ದರು. ವೆಂಕಟಪ್ಪನಾಯಕನ ಬೆನ್ನಿಗೆ ಯಾರೂ ಇರಲಿಲ್ಲ. ಆತನು ಹೋದುದು ಹೈದರಾಬಾದಿಗೆ. ಅಲ್ಲಿ ಹಿಡಿಯಲ್ಪಟ್ಟು ಸಾಲಾರಜಂಗನ ಮುಂದೆ ತರಲ್ಪಟ್ಟನು. ಸಾಲಾರಜಂಗನು ಆತನನ್ನು ರೆಸಿಡೆಂಟನ ವಶಕ್ಕೆ ಕೊಟ್ಟನು.

ಕರ್ನಾಟಕದ ಉಳಿದ ಸಂಸ್ಥಾನಿಕರು ಆ ಹೊತ್ತಿಗೆ ಏನು ಮಾಡುತ್ತಿದ್ದರು? ನರಗುಂದದ ಭಾಸ್ಕರರಾಯ ಬಾಬಾಸಾಹೇಬನಿಗೆ ದತ್ತಕವನ್ನು ನಿರಾಕರಿಸಿದುದರಿಂದ ಅಸಮಾಧಾನವಿದ್ದಿತಾದರೂ ಆತನು ಎದ್ದುದು ಮೇ ತಿಂಗಳ ಕೊನೆಯಲ್ಲಿ. ಮೇ ೨೯ರಂದು ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್‌ಸನ್ನನು ಹತನಾದನು; ಜೂನ್ ೧೨ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯಿತು. ಮುಂಡರಗಿಯ ಭೀಮರಾಯನೂ ಹಮ್ಮಿಗೆಯ ಕೆಂಚನಗೌಡನೂ ಕೊಪ್ಪಳದ ಕೋಟೆಯಲ್ಲಿ ಮಡಿದುದು ಜೂನ್ ೧ರಂದು. ಅವರ ಮೇಲೆ ಹೋದವನೂ ಸುರಪುರವನ್ನು ಹಿಡಿದ ಹ್ಯೂಸನೇ. ರಾಮದುರ್ಗದ ಸಂಸ್ಥಾನಿಕನು ನರಗುಂದದವನ ಸಹೋದರನಾದರೂ ಇಂಗ್ಲಿಷರ ಪಕ್ಷವನ್ನು ಬಿಡಲಿಲ್ಲ. ಕೊಲ್ಹಾಪುರದಲ್ಲಿ ಅರಸನು ಸುಮ್ಮನಿದ್ದನು. ತಮ್ಮನಾದ ಚಿಮಾಸಾಹೇಬನು ಸಂಶಯಕ್ಕೆ ಗುರಿಯಾಗಿ ದೂರದೇಶದ ಸೆರೆಗೆ ಹೋದನು. ಹೈದರಾಬಾದಿನ ಅಧೀನದಲ್ಲಿಯೇ ಇದ್ದ ಗದ್ವಾಲ, ವನಪರ್ತಿಗಳು ಏಳಲಿಲ್ಲ. ಹೀಗೆ ಸುರಪುರವು ಹೈದರಾಬಾದಿನ ದಾಳಿಗೆ ಏಳು ತಿಂಗಳು ತಡವಾಗಿಯೂ ನರಗುಂದಕ್ಕೆ ಮೂರೂವರೆ ತಿಂಗಳು ಮುಂಚಿತವಾಗಿಯೂ ಒಂಟಿಯಾಗಿ ಎದ್ದಿತು. ಒಬ್ಬೊಬ್ಬರಾಗಿ ಎದ್ದವರನ್ನು ಒಂದೇ ದಂಡು ಒಬ್ಬೊಬ್ಬರಾಗಿ ಮುಗಿಸಿತು.

೬

ಇಂತಹ ಪ್ರಸಂಗವು ನಮ್ಮ ನಾಡಿಗೆ ಮಾತ್ರ ವಿಶಿಷ್ಟವಲ್ಲ. ಇದಾದ ಹತ್ತು ವರುಷಗಳಲ್ಲಿ ಜಪಾನಿನಲ್ಲಿ ನಡೆದ ಬೋಶಿನ್ ಯುದ್ಧವನ್ನು ಹೋಲಿಕೆಗಾಗಿ ನೋಡಬಹುದು. ಅಲ್ಲಿ ಶೋಗುನನೆಂಬ ದಂಡಾಧಿಪತಿಯ ಕೆಳಗೆ ಸುಮಾರು ೨೭೦ ಪಾಳೆಯಪಟ್ಟುಗಳಿದ್ದುವು. ೧೮೬೮ನೆಯ ಇಸವಿಯ ಜನವರಿಯ ಕೊನೆಯಲ್ಲಿ ಸತ್ಸುಮಾ, ಚೋಶೂ ಎಂಬ ಸಂಸ್ಥಾನಗಳವರು ಚಕ್ರವರ್ತಿಯ ಧ್ವಜವನ್ನೆತ್ತಿ ತೋಬಾ-ಫುಶಿಮಿಗಳಲ್ಲಿ ಶೋಗುನನ ಸೈನ್ಯವನ್ನು ಸೋಲಿಸಿದಾಗ ಪ್ರತಿಯೊಂದು ಸಂಸ್ಥಾನವೂ ಪಕ್ಷನಿರ್ಣಯವನ್ನು ಮಾಡಬೇಕಾಯಿತು.

ಎರಡು ಸಂಗತಿಗಳು ನಮ್ಮ ವಿಷಯಕ್ಕೆ ಬಹಳ ಹತ್ತಿರವಾಗಿವೆ. ಸೋತು ಹಿಂದೆಗೆದ ಶೋಗುನನ ಸೈನ್ಯವು ಯೋದೊ ಕೋಟೆಯ ಬಾಗಿಲಿಗೆ ಬಂದಿತು. ಅದರ ಒಡೆಯನು ಶೋಗುನನ ಮಂತ್ರಿಗಳಲ್ಲಿ ಒಬ್ಬನು, ಆತನು ಊರಲ್ಲಿರಲಿಲ್ಲ. ಗಾಳಿ ಯಾವ ಕಡೆ ಬೀಸುತ್ತಿದೆಯೆಂಬುದನ್ನು ಕಂಡ ಕೋಟೆಯವರು ಬಾಗಿಲನ್ನು ತೆರೆಯಲಿಲ್ಲ. ವೆಂಕಟಪ್ಪನಾಯಕನು ಹೈದರಾಬಾದಿನಲ್ಲಿ ಕಂಡುದೂ ಇಂತಹ ಬಾಗಿಲನ್ನೇ. ಎರಡನೆಯದು ನಾಗಾಓಕಾ ಎಂಬ ಸಣ್ಣ ಸಂಸ್ಥಾನದ ಕಥೆ. ಅದರ ಮುಖ್ಯಾಧಿಕಾರಿಯಾದ ಕವಾಯಿ ತ್ಸುಗುನೊಸುಕೆ ಎಂಬಾತನು ತಾನು ಯಾರ ಪಕ್ಷವನ್ನೂ ಹಿಡಿಯದೆ ಮಧ್ಯಸ್ಥನಾಗಿ ಉಳಿಯುವೆನೆಂದು ಚಕ್ರವರ್ತಿಯ ದಂಡಿನವರನ್ನು ಬೇಡಿಕೊಂಡನು. ಅವರು ಒಪ್ಪಲಿಲ್ಲ. ಬೇರೆ ದಾರಿಯಿಲ್ಲದೆ ಆತನು ಉತ್ತರದ ಸಂಸ್ಥಾನಗಳ ಕೂಟವನ್ನು ಸೇರಿ, ಊರನ್ನು ಕಳೆದುಕೊಂಡು, ಗಾಯದಿಂದ ಸತ್ತನು. ಆಸನವೆಂಬುದು ಕುಳಿತುಕೊಳ್ಳುವವನ ಇಚ್ಛೆಯಿಂದ ಮಾತ್ರ ಸಿದ್ಧಿಸುವುದಿಲ್ಲ. ಪ್ರಬಲನು ಕುಳಿತಿರಲು ಬಿಡಬೇಕು. ಸುರಪುರದ ವಿಷಯದಲ್ಲಿ ಜನವರಿಯ ಬಳಿಕ ಬಿಡಲಿಲ್ಲ.

ಭೇದವನ್ನೂ ಹೇಳಬೇಕು. ಜಪಾನಿನ ಉತ್ತರದಲ್ಲಿ ೩೧ ಸಂಸ್ಥಾನಗಳು ಒಂದು ಕೂಟವನ್ನು ಕಟ್ಟಿಕೊಂಡುವು. ಅವು ಸೋತರೂ ಒಟ್ಟಾಗಿ ಸೋತುವು. ಕೃಷ್ಣೆ-ತುಂಗಭದ್ರೆಗಳ ಈಚೆ ಆಚೆ ಇದ್ದವರಿಗೆ ಅಷ್ಟೂ ಸಾಧ್ಯವಾಗಲಿಲ್ಲ. ಮತ್ತೊಂದು ಸಂಗತಿ: ಅಲ್ಲಿ ಎದುರಾಳಿಗಳಲ್ಲಿ ಪ್ರಮುಖನಾದ ಐಜುವಿನ ಒಡೆಯನು ೧೮೬೮ರ ನವೆಂಬರಿನಲ್ಲಿ ಶರಣಾದಾಗ ಆತನ ಜೀವವನ್ನು ಉಳಿಸಿ, ಮನೆತನಕ್ಕೆ ದೂರದ ಬಡಪ್ರದೇಶವೊಂದನ್ನು ಕೊಟ್ಟರು. ಆದರೆ ೧೮೭೧ರಲ್ಲಿ ಗೆದ್ದವರ ಸಂಸ್ಥಾನಗಳೂ ಸೋತವರ ಸಂಸ್ಥಾನಗಳೂ ಏಕಪ್ರಕಾರವಾಗಿ ರದ್ದಾದುವು.

೭

ಅರಸನ ಅಂತ್ಯವನ್ನು ಕುರಿತು ಹೇಳಿ, ಟೇಲರನ ಸಾಕ್ಷ್ಯವನ್ನು ತೂಗಿ ನೋಡಬೇಕಾಗಿದೆ. ವಿಚಾರಣೆಯಲ್ಲಿ ವಿಧಿಸಿದ ಮರಣದಂಡನೆಯನ್ನು ರೆಸಿಡೆಂಟನು ಯಾವಜ್ಜೀವ ದ್ವೀಪಾಂತರವಾಗಿ ಇಳಿಸಿದನು. ಗವರ್ನರ್ ಜನರಲನು ಅದನ್ನೂ ಇಳಿಸಿ, ಚೆಂಗಲ್ಪಟ್ಟಿನ ಕೋಟೆಯಲ್ಲಿ ನಾಲ್ಕು ವರುಷಗಳ ಸೆರೆಯನ್ನು ವಿಧಿಸಿ, ನಡತೆಯು ಸರಿಯಾಗಿದ್ದಲ್ಲಿ ಸಂಸ್ಥಾನವನ್ನು ಹಿಂದಕ್ಕೆ ಕೊಡುವ ಆಸೆಯನ್ನು ತೋರಿಸಿದನು. ಚೆಂಗಲ್ಪಟ್ಟಿಗೆ ಕರೆದೊಯ್ಯುವಾಗ ದಾರಿಯಲ್ಲಿ, ೧೮೫೮ರ ಮೇ ೧೧ರಂದು, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ರಾಜನು ಮರಣಹೊಂದಿದನು. ಆಗ ಆತನಿಗೆ ಇಪ್ಪತ್ತನಾಲ್ಕರ ಆಸುಪಾಸು ವಯಸ್ಸು. ತನ್ನ ಕೈಯಿಂದಲೇ ಗುಂಡನ್ನು ಹೊಡೆದುಕೊಂಡನೆಂದು ಟೇಲರನು ಬರೆದಿದ್ದಾನೆ. ಸುರಪುರದ ಐತಿಹ್ಯವು ಇದನ್ನು ಒಪ್ಪುವುದಿಲ್ಲ. ಟೇಲರನು ಇಲ್ಲಿ ಬರೆದುದು ತಾನು ಕೇಳಿದುದನ್ನು, ಕಂಡುದನ್ನಲ್ಲ. ಆದುದರಿಂದ ಈ ಭಾಗದಲ್ಲಿ ಆತನ ಮಾತಿಗೆ ಪ್ರತ್ಯಕ್ಷಸಾಕ್ಷ್ಯದ ಬೆಲೆಯನ್ನು ಕೊಡಲಾಗದು.

ಉಳಿದ ಭಾಗದಲ್ಲಿಯೂ ಆತನ ಆತ್ಮಚರಿತ್ರೆಯು ೧೮೭೭ರಲ್ಲಿ, ಆತನು ತೀರಿಕೊಂಡ ಮರುವರುಷ, ಅಚ್ಚಾದುದೆಂಬುದನ್ನು ಮರೆಯಬಾರದು. ತಾನು ಹನ್ನೊಂದು ವರುಷ ಬೆಳೆಸಿದ ಹುಡುಗನು ತನ್ನ ಸರಕಾರಕ್ಕೆ ಇದಿರಾಗಿ ನಿಂತುದಕ್ಕೆ ಆತನು ಕಾರಣವನ್ನು ಹುಡುಕಬೇಕಾಗಿತ್ತು. ತನ್ನ ಆಡಳಿತದಲ್ಲಿ ದೋಷವಿದ್ದಿತೆನ್ನಲಾರನು. ಹುಡುಗನು ಸ್ವಭಾವತಃ ದುಷ್ಟನೆನ್ನಲು ಆತನ ಪ್ರೀತಿಯು ಬಿಡದು. ದುರ್ಬೋಧಕರ ಮೇಲೆ ಹೊರೆ ಹೊರಿಸುವುದೊಂದೇ ಉಳಿದ ದಾರಿ. ಹೀಗೆ ಹೇಳುವಾಗ ಟೇಲರನು ಸುಳ್ಳಾಡಿದನೆಂದು ನಮ್ಮ ಅಭಿಪ್ರಾಯವಲ್ಲ. ಬೋಧಕರು ಇದ್ದಿರಬಹುದು. ಆದರೆ ಬೋಧೆಯು ನಾಟುವುದಕ್ಕೆ ನೆಲವು ಹದವಾಗಿರಬೇಕು. ಆ ಹದವನ್ನು ಮಾಡಿದುದು ನಜರಾಣೆಯ ಸಾಲ, ೧೮೫೩ರ ಒಡಂಬಡಿಕೆ, ನಿಶ್ಶಸ್ತ್ರೀಕರಣದ ಭಯ, ಕೊನೆಗೆ ಮೂರು ದಿಕ್ಕಿನಿಂದ ಬಂದ ದಂಡು. ನಾಡಿನ ಅಭಿಪ್ರಾಯದಲ್ಲಿಯೂ ಸತ್ಯಾಂಶವಿದೆ: ಬುದ್ಧಿವಾದವನ್ನು ಕೇಳಿ ಸುಮ್ಮನಾಗುವ ಅವಕಾಶವು ಅರಸನಿಗೆ ಜನವರಿಯಲ್ಲಿಯೂ ಇತ್ತು, ಆತನು ಅದನ್ನು ತೆಗೆದುಕೊಳ್ಳಲಿಲ್ಲ. ಹಾಗೆ ತೆಗೆದುಕೊಂಡಿದ್ದರೆ ಅರಬರ, ರೋಹಿಲರ ಜೊತೆಗೆ ತನ್ನ ಬೇಡರನ್ನೂ ಇಂಗ್ಲಿಷರ ಇಚ್ಛೆಗೆ ಒಪ್ಪಿಸಬೇಕಾಗುತ್ತಿತ್ತು. ಕುಲವನ್ನೇ ಸೈನ್ಯವಾಗಿ ಉಳ್ಳ ಅರಸನಿಗೆ ಅದು ಸಂಧಿಯಲ್ಲ, ಅರಸುತನದ ತ್ಯಾಗ.

ಇದುವರೆಗಿನ ವಿಚಾರದಿಂದ ಹೊರಡುವ ನಿರ್ಣಯವಿಷ್ಟು. ಸುರಪುರದ ಸಂಸ್ಥಾನವು ಎರಡು ಶತಮಾನ ಬಾಳಿದುದು ಎರಡು ದೊಡ್ಡ ಶಕ್ತಿಗಳ ನಡುವಣ ಬಿರುಕಿನಲ್ಲಿ: ಮೊದಲು ಬಿಜಾಪುರ-ಮೊಗಲ, ಬಳಿಕ ಮೊಗಲ-ಮರಾಠ, ಅನಂತರ ನಿಜಾಮ-ಪೇಶವೆ. ೧೮೧೮ರಲ್ಲಿ ಆ ಬಿರುಕು ಕಿರಿದಾಯಿತು, ೧೮೫೩ರಲ್ಲಿ ಮುಚ್ಚಿಹೋಯಿತು. ೧೮೫೮ರಲ್ಲಿ ಅರಸನು ಹೈದರಾಬಾದಿಗೆ ಹೋದುದು ಆ ಬಿರುಕು ಇನ್ನೂ ಇರಬಹುದೆಂಬ ಕಡೆಯ ನಂಬಿಕೆಯಿಂದ. ಪಿಡ್ಡನಾಯಕನಿಗೆ ಫಲಿಸಿದ ನೀತಿಯು ವೆಂಕಟಪ್ಪನಾಯಕನಿಗೆ ಫಲಿಸದಿದ್ದುದಕ್ಕೆ ಪಿಡ್ಡನ ಜಾಣತನವೂ ವೆಂಕಟಪ್ಪನ ಮೌಢ್ಯವೂ ಕಾರಣವಲ್ಲ. ಒಬ್ಬನಿಗೆ ಧನಾಜಿ ಜಾಧವನಿದ್ದನು, ಮತ್ತೊಬ್ಬನಿಗೆ ಅಂತಹವನು ಯಾರೂ ಇರಲಿ��್ಲ.

ಯುದ್ಧದ ಫಲವು ಯಾರಿಗೆ ಸೇರಿತೆಂಬುದನ್ನು ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುವುದು. ೧೮೬೦ರ ಡಿಸೆಂಬರಿನ ಒಡಂಬಡಿಕೆಯಿಂದ ಇಂಗ್ಲಿಷರು ನಿಜಾಮನಿಗೆ ರಾಯಚೂರು ದೋಆಬವನ್ನೂ ನಳದುರ್ಗವನ್ನೂ ಹಿಂದಕ್ಕೆ ಕೊಟ್ಟು, ೫೦ ಲಕ್ಷ ರೂಪಾಯಿಗಳ ಸಾಲವನ್ನು ಮನ್ನಾ ಮಾಡಿ, ಸುರಪುರವನ್ನು ಬಹುಮಾನವಾಗಿ ಸೇರಿಸಿದರು. ಚಿನ್ ಕಿಲಿಚ್‌ಖಾನನು ವಾಗಿನಗೇರಿಯ ಗೋಡೆಯ ಹೊರಗೆ ನಿಂತು ಮುತ್ತಿದ ನಾಡು ಹೀಗೆ ನೂರೈವತ್ತೈದು ವರುಷಗಳ ಮೇಲೆ ಆತನ ವಂಶದವರಿಗೆ ಪೂರ್ಣವಾಗಿ ಸೇರಿತು. ಏಳದೆ ಉಳಿದ ಗದ್ವಾಲ, ವನಪರ್ತಿಗಳಿಗೆ ಮತ್ತೆ ತೊಂಬತ್ತು ವರುಷಗಳ ಆಯುಸ್ಸು ದೊರೆಯಿತು. ೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ಸೇರಿದ ಬಳಿಕ ಒಡೆಯನೂ ಸಾಮಂತರೂ ಒಟ್ಟಿಗೆ ಚರಿತ್ರೆಯೊಳಗೆ ಹೋದರು. ೧೯೫೬ರಲ್ಲಿ ಸುರಪುರ, ಶಹಾಪುರ, ಯಾದಗಿರಿಗಳು ಕಲಬುರ್ಗಿಯೊಡನೆ ಕನ್ನಡನಾಡನ್ನು ಸೇರಿದುವು. ೨೦೦೯-೧೦ರಲ್ಲಿ ಯಾದಗಿರಿಯೇ ಬೇರೆ ಜಿಲ್ಲೆಯಾಗಿ ಈ ಮೂರೂ ಅದರೊಳಗೆ ಬಂದುವು.

ಪಕ್ಷನಿರ್ಣಯದ ಯೋಗ್ಯತೆಯನ್ನು ಆಯುಸ್ಸಿನ ವರುಷಗಳಿಂದಲೇ ಅಳೆಯುವುದಾದರೆ ಸುರಪುರದ ಲೆಕ್ಕವು ನಷ್ಟದ್ದೇ. ಆದರೆ ಆ ಪ್ರಾಂತದ ಜನರು ನೆನಪಿನಲ್ಲಿ ಇರಿಸಿಕೊಂಡಿರುವುದು ವೆಂಕಟಪ್ಪನಾಯಕನ ಹೆಸರನ್ನು. ಚರಿತ್ರಕಾರನು ಆ ನೆನಪನ್ನು ಪ್ರಮಾಣವೆಂದು ಕುರುಡಾಗಿ ಸ್ವೀಕರಿಸಬೇಕಾಗಿಲ್ಲ. ಗೆದ್ದವರ ಕಡತಗಳನ್ನೂ ಹಾಗೆ ಸ್ವೀಕರಿಸಬೇಕಾಗಿಲ್ಲ. ಇಂಗ್ಲಿಷಿನಲ್ಲಿ ದೊರೆಯುವ ಬರಹಗಳನ್ನೇ ನೆಚ್ಚಿಕೊಂಡಿರುವ ವರೆಗೆ ಅರಸನು ನಮಗೆ ಟೇಲರನ ಶಿಷ್ಯನಾಗಿಯೇ ಕಾಣುವನು. ಪಾರಸಿ, ಮೋಡಿ, ಕನ್ನಡ ಕಾಗದಪತ್ರಗಳನ್ನೂ ಬೇಡರ ಊರುಗಳ ಲಾವಣಿ-ಐತಿಹ್ಯಗಳನ್ನೂ ಕೂಡಿಸಿ, ದಿನಾಂಕಗಳಿಗೆ ಒರೆಹಚ್ಚಿ ನೋಡುವ ಕೆಲಸವನ್ನು ತರುಣ ವಿದ್ವಾಂಸರು ಕೈಕೊಂಡಲ್ಲಿ ಆತನು ತನ್ನ ಪೂರ್ವಜರ ವಂಶದವನಾಗಿ, ತನ್ನ ಕಾಲದ ಇಕ್ಕಟ್ಟಿನಲ್ಲಿ ನಿಂತು ಯೋಚಿಸಿದ ಅರಸನಾಗಿ, ಕಾಣತೊಡಗುವನು.